ಸೋಫಾ ಮನೆಗೆ ಬರುತ್ತದೆ, ಕಿಟಕಿ ಬರುವುದಿಲ್ಲ: ಫರ್ನಿಚರ್ ಜಾಹೀರಾತನ್ನು ಓದುವ ಬಗೆ

ನಿಮಗೆ ತುಂಬ ಹಿಡಿಸಿದ ಸೋಫಾ ಜಾಹೀರಾತೊಂದನ್ನು ಫೋನಿನಲ್ಲಿ ತೆಗೆಯಿರಿ. ಸೋಫಾ ಕಾಣದಂತೆ ಹೆಬ್ಬೆರಳು ಅಡ್ಡ ಇಡಿ. ಉಳಿದದ್ದನ್ನು ನಿಧಾನವಾಗಿ ನೋಡಿ. ನೆಲದಿಂದ ಸೂರಿನವರೆಗೆ ಕಿಟಕಿ. ಓರೆಯಾಗಿ ಬಿದ್ದ ಎಳೆಬಿಸಿಲು. ಖಾಲಿ ಗೋಡೆ, ಅದರ ಮೇಲೆ ಒಂದೇ ಒಂದು ಚಿತ್ರಪಟ. ವೈರ್ ಇಲ್ಲ, ಚಪ್ಪಲಿ ಇಲ್ಲ, ಮಡಚದೆ ಬಿಟ್ಟ ಬಟ್ಟೆಯ ರಾಶಿ ಇಲ್ಲ. ಹೆಬ್ಬೆರಳು ಇನ್ನೂ ಅಲ್ಲೇ ಇದೆ, ಆದರೂ ಮನಸ್ಸಿಗೆ ಹಾಯೆನಿಸುತ್ತಿದೆ. ಅಂದರೆ ಆ ಹಾಯಿ ಸೋಫಾದಿಂದ ಬಂದದ್ದಲ್ಲ. ಬೆಳಕಿನಿಂದ, ಖಾಲಿ ಜಾಗದಿಂದ, ಯಾವ ಅವಸರವೂ ಇಲ್ಲದ ಒಂದು ಹೊತ್ತಿನಿಂದ ಬಂದದ್ದು. ದುಡ್ಡು ಕೊಟ್ಟರೆ ಸೋಫಾ ಮನೆಗೆ ಬರುತ್ತದೆ, ಆ ಕಿಟಕಿ ಬರುವುದಿಲ್ಲ.

ಈ ಹೆಬ್ಬೆರಳಿನ ಪರೀಕ್ಷೆಯನ್ನು ನನ್ನ ಗಿರಾಕಿಗಳಿಗೆಲ್ಲ ಹೇಳಿಕೊಡುತ್ತೇನೆ. ಸೋಫಾ, ಕುರ್ಚಿಗಳನ್ನು ಬಿಚ್ಚಿ, ಹೊಸ ಪಟ್ಟಿ, ಹೊಸ ಫೋಮ್, ಹೊಸ ಬಟ್ಟೆ ಹಾಕುವುದು ನನ್ನ ಕೆಲಸ. ಹದಿನಾರು ವರ್ಷದಿಂದ ಇದೇ. ಅದಕ್ಕೂ ಮುಂಚೆ ಐದು ವರ್ಷ ಫರ್ನಿಚರ್ ಕ್ಯಾಟಲಾಗ್‌ಗಳಿಗೆ ಫೋಟೋ ತೆಗೆಯುವ ಸ್ಟುಡಿಯೊ ಒಂದರಲ್ಲಿ ಸೆಟ್ ಸಿಂಗರಿಸುತ್ತಿದ್ದೆ. ಚಿತ್ರ ಹೇಗೆ ತಯಾರಾಗುತ್ತದೆ ಅನ್ನುವುದನ್ನೂ ಕಂಡಿದ್ದೇನೆ, ಆ ಚಿತ್ರ ನೋಡಿ ಕೊಂಡ ವಸ್ತು ಎರಡು ವರ್ಷದಲ್ಲಿ ಏನಾಗುತ್ತದೆ ಅನ್ನುವುದನ್ನೂ ಕಂಡಿದ್ದೇನೆ. ಇವೆರಡರ ನಡುವೆ ಜನ ಕಳೆದುಕೊಳ್ಳುವ ದುಡ್ಡು, ಅದಕ್ಕಿಂತ ಹೆಚ್ಚಾಗಿ ತಮ್ಮ ಮನೆಯ ಬಗ್ಗೆ ಅವರಿಗೆ ಹುಟ್ಟುವ ಬೇಸರ ನನ್ನನ್ನು ಕಾಡುತ್ತದೆ. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಫೋಟೋದ ಹಿಂಬದಿ

ಸ್ಟುಡಿಯೊದ ಮನೆಗೆ ಇರುವುದು ಎರಡೇ ಗೋಡೆ. ಪ್ಲೈವುಡ್ಡಿನವು, ಹಿಂದೆ ಮರಳು ಚೀಲ ಇಟ್ಟು ನಿಲ್ಲಿಸಿದವು. ಕಿಟಕಿ ಎಂದರೆ ಒಂದು ಚೌಕಟ್ಟು, ಅದರಾಚೆ ಬಿಳಿ ಬಟ್ಟೆ, ಬಟ್ಟೆಯಾಚೆ ದೊಡ್ಡ ದೀಪ. ಬೆಳಗಿನ ಒಂಬತ್ತಕ್ಕೂ ಅದೇ ಬಿಸಿಲು, ರಾತ್ರಿಯ ಒಂಬತ್ತಕ್ಕೂ ಅದೇ ಬಿಸಿಲು.

ಸೋಫಾ ಬಂದ ತಕ್ಷಣ ನಾನು ಕೂರುವ ಕುಶನ್‌ಗಳನ್ನು ಎತ್ತಿ ಅವುಗಳ ಅಡಿಗೆ ಹಲಗೆ ಸೇರಿಸುತ್ತಿದ್ದೆ. ಇಲ್ಲದಿದ್ದರೆ ಸೀಟಿನ ನಡುಭಾಗ ಕೊಂಚ ತಗ್ಗಿ ಲೆನ್ಸಿಗೆ ಕಾಣುತ್ತದೆ. ಬೆನ್ನಿನ ಕುಶನ್‌ಗಳ ಜಿಪ್ ತೆಗೆದು, ಒಳಗೆ ಇನ್ನೂ ಅರ್ಧದಷ್ಟು ಹತ್ತಿ-ಫೈಬರ್ ತುರುಕುತ್ತಿದ್ದೆವು. ಬಟ್ಟೆ ಎಲ್ಲಾದರೂ ಸುಕ್ಕಾಗಿದ್ದರೆ ಹಿಂದಿನಿಂದ ಎಳೆದು ಸೇಫ್ಟಿ ಪಿನ್, ಕ್ಲಿಪ್ ಹಾಕಿ ಬಿಗಿಯುತ್ತಿದ್ದೆವು. ಮುಂದಿನಿಂದ ನೋಡಿದರೆ ಮದುಮಗಳಂತೆ ಇರುವ ಸೋಫಾ, ಹಿಂದಿನಿಂದ ನೋಡಿದರೆ ಮೈತುಂಬ ಹೊಲಿಗೆ ಹಾಕಿದ ರೋಗಿಯಂತೆ ಇರುತ್ತಿತ್ತು. ಕೊನೆಗೆ ತೋಳಿನ ಮೇಲೆ ಒಂದು ಉಣ್ಣೆ ಹೊದಿಕೆ. ಯಾರೋ ಈಗಷ್ಟೇ ಹೊದ್ದು ಎದ್ದುಹೋದಂತೆ ಅದು ಬಿದ್ದಿರಬೇಕು. ಇಸ್ತ್ರಿ ಮಾಡಿ, ಎತ್ತಿ ಹಾಕಿ, ಮತ್ತೆ ಎತ್ತಿ ಹಾಕಿ, ಒಂದು ದಿನ ಅದನ್ನೇ ಹನ್ನೊಂದು ಸಲ ಹಾಕಿದ್ದೇನೆ.

ಆ ದಿನವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಕಾಲು ಮಡಚಿ, ಪುಸ್ತಕ ಹಿಡಿದು ಸೋಫಾದಲ್ಲಿ ವಿರಮಿಸುತ್ತಿರುವ ಹುಡುಗಿಯ ಫೋಟೋ ತೆಗೆಯುತ್ತಿದ್ದರು. ಅವಳಿಗೆ ಕೊಟ್ಟ ಸೂಚನೆ ಒಂದೇ: ಬೆನ್ನು ಒರಗಿಸಬೇಡ, ಕುಶನ್ ಮುದುಡುತ್ತದೆ. ಎರಡು ಗಂಟೆ ಅವಳು ಹಲಗೆಯ ಮೇಲೆ, ಒರಗದೆ, ಒರಗಿದಂತೆ ಕೂತಿದ್ದಳು. ಬೆನ್ನು ನಡುಗುತ್ತಿದ್ದದ್ದು ಪಕ್ಕದಲ್ಲಿ ನಿಂತ ನನಗೆ ಕಾಣುತ್ತಿತ್ತು. ಮುಗಿದ ಕೂಡಲೇ ಎದ್ದು ಬಂದು ದೀಪದ ಪೆಟ್ಟಿಗೆಯ ಮೇಲೆ ಕೂತು, ಗೋಡೆಗೆ ಒರಗಿ, ಕಾಲು ಚಾಚಿ ಕಣ್ಣು ಮುಚ್ಚಿದಳು. ಆ ಇಡೀ ದಿನದಲ್ಲಿ ನಾನು ಕಂಡ ನಿಜವಾದ ವಿಶ್ರಾಂತಿ ಅದೊಂದೇ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಹಾಗಾಗಿ ಜಾಹೀರಾತಿನಲ್ಲಿ ಮನುಷ್ಯರಿದ್ದರೆ ಅವರ ಮುಖದ ನಗು ಬಿಟ್ಟು ಮೈಯನ್ನು ನೋಡಿ. ಬೆನ್ನು ಕುಶನ್ನಿಗೆ ತಾಗಿದೆಯೇ? ಕೂತ ಜಾಗದಲ್ಲಿ ಸೀಟು ಒಂದಿಷ್ಟಾದರೂ ತಗ್ಗಿದೆಯೇ? ಪಾದ ನೆಲಕ್ಕೆ ಮುಟ್ಟಿದೆಯೇ, ಅಥವಾ ಕಾಲು ಮೇಲಕ್ಕೆ ಮಡಚಿ ಕೂರಿಸಿದ್ದಾರೆಯೇ? ಕಾಲು ಮಡಚಿ ಕೂರಿಸಿದರೆ ಚಿತ್ರ ಚೆನ್ನಾಗಿ ಕಾಣುತ್ತದೆ ಅನ್ನುವುದು ನಿಜ. ಆದರೆ ಎಷ್ಟೋ ಸಲ ಆ ಸೋಫಾದ ಆಳ ಜಾಸ್ತಿಯಾಗಿ, ಪಾದ ಊರಿ ಬೆನ್ನು ಒರಗಿಸಿ ಕೂರಲು ಆಗುವುದೇ ಇಲ್ಲ.

ಬರೀ ಕುರ್ಚಿಯಿಂದ ಇಡೀ ಬದುಕಿನವರೆಗೆ

ಜಾಹೀರಾತು ಮೊದಲಿನಿಂದಲೂ ಹೀಗಿರಲಿಲ್ಲ. ಇದನ್ನು ತಿಳಿದುಕೊಂಡರೆ ಚಿತ್ರದಲ್ಲಿ ಯಾವುದು ವಸ್ತು, ಯಾವುದು ವಸ್ತುವಿನ ಸುತ್ತ ಆಮೇಲೆ ಸೇರಿಸಿದ್ದು ಅಂತ ಬಿಡಿಸಿ ನೋಡುವುದು ಸುಲಭ.

ಯುರೋಪಿನ ಕುರ್ಚಿ ತಯಾರಕ ಮೈಕೆಲ್ ಥೋನೆಟ್‌ನ 14ನೇ ನಂಬರಿನ ಕುರ್ಚಿ 1859ರದು. ಬಿಸಿ ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಡಿಸಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು, ಹಾಗೇ ದೇಶದೇಶಕ್ಕೆ ಹೋದವು. ಆ ಕಂಪನಿಯ ಹಳೆಯ ಮಾರಾಟದ ಹಾಳೆಗಳಲ್ಲಿ ಇರುವುದು ಗೆರೆಚಿತ್ರ ಮತ್ತು ನಂಬರು. ಸುತ್ತ ಕೋಣೆ ಇಲ್ಲ, ಕಿಟಕಿ ಇಲ್ಲ, ನಗುವ ಸಂಸಾರ ಇಲ್ಲ. ಕಂಡದ್ದೇ ಕುರ್ಚಿ, ಬರುವುದೂ ಅದೇ ಕುರ್ಚಿ. ಅಂಥ ಒಂದು ಹಾಳೆಯ ನಕಲನ್ನು ನನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ನನಗೆ ಅದಕ್ಕಿಂತ ಪ್ರಾಮಾಣಿಕವಾದ ಜಾಹೀರಾತು ಕಂಡಿಲ್ಲ.

ಆಮೇಲೆ ಕೋಣೆಯೇ ಮಾರಾಟದ ವಸ್ತುವಾಯಿತು. ಅಮೆರಿಕದಲ್ಲಿ ಎಡ್ವರ್ಡ್ ಬಾಕ್ ಎಂಬವರು 1889ರಿಂದ 1919ರವರೆಗೆ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆಯ ಸಂಪಾದಕರಾಗಿದ್ದರು. ನೆಂಟರು ಬಂದಾಗ ಮಾತ್ರ ಬಾಗಿಲು ತೆಗೆಯುವ ಪಾರ್ಲರ್ ಕೋಣೆ ಅವರಿಗೆ ಸೇರುತ್ತಿರಲಿಲ್ಲ. ಮನೆಯವರೇ ದಿನವೂ ಬಳಸುವ ‘ಲಿವಿಂಗ್ ರೂಮ್’ ಬೇಕು ಅಂತ ಅವರು ಪ್ರಚಾರ ಮಾಡಿದರು. ಒಳ್ಳೆಯ ಮಾತೇ. ಮನೆಯ ಚೆಂದದ ಕೋಣೆ ಮನೆಯವರಿಗೇ ಸಿಗಲಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕೋಣೆಯ ಹೆಸರಿಗೇ ಬದುಕು ಸೇರಿಕೊಂಡ ಮೇಲೆ, ಆ ಕೋಣೆಗೆ ತರುವ ಪ್ರತಿ ವಸ್ತುವೂ ಬದುಕನ್ನು ಸುಧಾರಿಸುತ್ತದೆ ಅಂತ ಹೇಳುವುದು ಮಾರುವವರಿಗೆ ಸಲೀಸಾಯಿತು.

1928ರಲ್ಲಿ ಮಿಷಿಗನ್ ರಾಜ್ಯದ ಮನ್ರೋ ಊರಿನ ಸೋದರಬಂಧುಗಳು, ಎಡ್ವರ್ಡ್ ಕ್ನಬುಷ್ ಮತ್ತು ಎಡ್ವಿನ್ ಶೂಮೇಕರ್, ಮೈ ವಾಲಿಸಿದಂತೆ ವಾಲುವ ಮರದ ಕುರ್ಚಿಯೊಂದನ್ನು ಮಾಡಿದರು. ಮುಂದಿನ ವರ್ಷ ಅದಕ್ಕೆ ಮೆತ್ತೆ ಬಂತು. ಹೆಸರಿಡಲು ಸ್ಪರ್ಧೆ ಏರ್ಪಡಿಸಿದರು, ‘ಲೇ-ಜೀ-ಬಾಯ್’, ಅಂದರೆ ಸೋಮಾರಿ ಹುಡುಗ, ಗೆದ್ದಿತು. ಆ ಹೆಸರಿನಲ್ಲಿ ಮರ ಇಲ್ಲ, ಸ್ಪ್ರಿಂಗ್ ಇಲ್ಲ, ಕುರ್ಚಿ ಅನ್ನುವ ಮಾತೂ ಇಲ್ಲ. ಕೂತವನು ಹೇಗಿರುತ್ತಾನೆ ಅನ್ನುವುದಷ್ಟೇ ಇದೆ. ಇವತ್ತಿಗೂ ಸೋಫಾಗಳ ಹೆಸರು ಓದಿ ನೋಡಿ, ಮುಕ್ಕಾಲು ಪಾಲು ಹಾಗೇ ಇರುತ್ತವೆ. ಹೆಸರಿನಿಂದ ವಸ್ತುವಿನ ಬಗ್ಗೆ ಏನೂ ತಿಳಿಯದಿದ್ದರೆ ಆ ಹೆಸರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಫರ್ನಿಚರ್ ಕಂಪನಿ ಐಕಿಯಾದ ಕಥೆಯಲ್ಲಿ ನನಗೆ ಬಲು ಇಷ್ಟವಾದ ಒಂದು ತಿರುವು ಇದೆ. ಅವರ ಮೊದಲ ಕ್ಯಾಟಲಾಗ್ ಬಂದದ್ದು 1951ರಲ್ಲಿ. ಆಗ ಅಂಚೆಯಲ್ಲಿ ಮಾರುವವರ ನಡುವೆ ಬೆಲೆ ಇಳಿಸುವ ಪೈಪೋಟಿ ಜೋರಾಗಿ, ಗುಣಮಟ್ಟ ಬಿದ್ದು, ಚಿತ್ರ ನೋಡಿ ತರಿಸಿಕೊಂಡವರು ನಂಬಿಕೆ ಕಳೆದುಕೊಳ್ಳತೊಡಗಿದರು. ಅದಕ್ಕೆ ಕಂಪನಿಯ ಸ್ಥಾಪಕ ಇಂಗ್ವಾರ್ ಕಾಂಪ್ರಾಡ್ 1953ರಲ್ಲಿ ಸ್ವೀಡನ್ನಿನ ಎಲ್ಮ್‌ಹುಲ್ಟ್‌ನಲ್ಲಿ ಒಂದು ಷೋರೂಮ್ ತೆರೆದರು, ಜನ ಬಂದು ಮುಟ್ಟಿ ನೋಡಲಿ ಅಂತ. ಚಿತ್ರವೊಂದೇ ಸಾಲದು ಅನ್ನುವುದು ಚಿತ್ರದ ಮೇಲೇ ವ್ಯಾಪಾರ ಕಟ್ಟಿದವರಿಗೂ ಗೊತ್ತಾಗಿತ್ತು. ಮುಂದೆ ಆ ಕ್ಯಾಟಲಾಗ್ 2016ರಲ್ಲಿ 20 ಕೋಟಿ ಪ್ರತಿಯವರೆಗೆ ಹೋಯಿತು, 2021ರ ಸಂಚಿಕೆಯೊಂದಿಗೆ ನಿಂತಿತು. ನಡುವೆ 2006ರಲ್ಲಿ ಬರ್ಟಿಲ್ ಅನ್ನುವ ಒಂದು ಮರದ ಕುರ್ಚಿಯ ಚಿತ್ರ ಕ್ಯಾಮೆರಾ ಇಲ್ಲದೆ, ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾಗಿ ಅಚ್ಚಾಯಿತು. 2014ರ ಹೊತ್ತಿಗೆ ಅವರ ಬಿಡಿ ವಸ್ತುಗಳ ಚಿತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ಕಂಪ್ಯೂಟರಿನಲ್ಲಿ ಕಟ್ಟಿದವೇ ಆಗಿದ್ದವು. ನೋಡಿದವರಿಗೆ ವ್ಯತ್ಯಾಸ ತಿಳಿಯಲಿಲ್ಲ. ನಾನು ಹಲಗೆ ಇಟ್ಟು, ಪಿನ್ ಹಾಕಿ ಮಾಡುತ್ತಿದ್ದ ಕೆಲಸ ಈಗ ಮೌಸ್ ಹಿಡಿದವರ ಕೈಗೆ ಹೋಗಿದೆ. ಅಲ್ಲಿ ಕುಶನ್ ತಗ್ಗುವುದೇ ಇಲ್ಲ.

ಕ್ಯಾಮೆರಾ ಎಲ್ಲಿದೆ ಅಂತ ಹುಡುಕಿ

ಕೋಣೆ ದೊಡ್ಡದಾಗಿ ಕಾಣಲು ಅಗಲ ಕೋನದ ಲೆನ್ಸ್ ಬಳಸುತ್ತಾರೆ. ಹತ್ತಿರದ್ದು ಹಿಗ್ಗುತ್ತದೆ, ಹಿಂದಿನ ಗೋಡೆ ದೂರ ಸರಿಯುತ್ತದೆ. ಇದನ್ನು ಹಿಡಿಯುವುದು ಸುಲಭ. ಚಿತ್ರದ ಅಂಚಿನಲ್ಲಿ ದುಂಡನೆಯ ವಸ್ತು ಏನಾದರೂ ಇದೆಯೇ ನೋಡಿ, ದೀಪದ ಬುರುಡೆಯೋ, ಹೂಕುಂಡವೋ, ಗುಂಡು ಮೇಜೋ. ಅದು ಮೊಟ್ಟೆಯ ಹಾಗೆ ಪಕ್ಕಕ್ಕೆ ಎಳೆದಂತೆ ಕಂಡರೆ ಲೆನ್ಸ್ ಅಗಲದ್ದು. ಆ ಕೋಣೆಯ ಆಳವನ್ನು ನಂಬಬೇಡಿ.

ಕ್ಯಾಮೆರಾದ ಎತ್ತರವೂ ಮುಖ್ಯ. ನಿಂತವರ ಕಣ್ಣಿನ ಮಟ್ಟದಿಂದ ಸೋಫಾ ಫೋಟೋ ತೆಗೆಯುವುದು ಕಡಿಮೆ. ಸೊಂಟದ ಮಟ್ಟಕ್ಕೆ ಇಳಿಸಿ ತೆಗೆಯುತ್ತಾರೆ. ಆಗ ಸೋಫಾ ಗಂಭೀರವಾಗಿ ಕಾಣುತ್ತದೆ, ಸೂರು ಮೇಲೆ ಹೋಗುತ್ತದೆ. ಮೇಜಿನ ಮೇಲ್ಮೈ ತೆಳ್ಳಗಿನ ಗೆರೆಯಂತೆ ಕಂಡರೆ ಕ್ಯಾಮೆರಾ ತೀರ ಕೆಳಗಿದೆ ಅಂತಲೇ ಅರ್ಥ. ನೀವು ಬಾಗಿಲು ತೆಗೆದು ಒಳಗೆ ಬರುವಾಗ ನಿಮ್ಮ ಮನೆಯನ್ನು ಯಾವತ್ತೂ ಆ ಎತ್ತರದಿಂದ ನೋಡುವುದಿಲ್ಲ. ನಿಮ್ಮ ಕೋಣೆಯ ಮೂಲೆಯಲ್ಲಿ ಮಂಡಿಯೂರಿ, ಫೋನನ್ನು ಅಷ್ಟೇ ಕೆಳಗೆ ಹಿಡಿದು, ಅಗಲದ ಲೆನ್ಸಿಗೆ ಬದಲಿಸಿ ಒಂದು ಫೋಟೋ ತೆಗೆದು ನೋಡಿ. ಈಗಿರುವ ನಿಮ್ಮ ಸೋಫಾವೇ ಬೇರೆಯಾಗಿ ಕಾಣುತ್ತದೆ. ನನ್ನ ಗಿರಾಕಿಯೊಬ್ಬರು ಹೀಗೆ ಫೋಟೋ ತೆಗೆದ ಮೇಲೆ ಹೊಸ ಸೋಫಾ ಬೇಡ ಅಂದರು.

ಆನ್‌ಲೈನಿನಲ್ಲಿ ಒಂದೇ ಕೋಣೆಗೆ ಹತ್ತು ಸೋಫಾ ಅಂಟಿಸಿ ತೋರಿಸುವುದೂ ಉಂಟು. ಕಾಲಿನ ಬುಡದಲ್ಲಿ ನೆರಳು ಯಾವ ಕಡೆಗಿದೆ, ಕಿಟಕಿ ಯಾವ ಕಡೆಗಿದೆ ಎಂದು ನೋಡಿದರೆ ಸಾಕು.

ಹಳೇ ಪೇಪರ್, ಅಂಟು ಟೇಪ್, ಅಳತೆ ಟೇಪ್

ಚಿತ್ರ ಬದಿಗಿಡಿ, ಅಳತೆ ಓದಿ. ಉದ್ದ, ಆಳ, ಎತ್ತರ ಮೂರನ್ನೂ ಬರೆದುಕೊಂಡು, ಹಳೇ ನ್ಯೂಸ್‌ಪೇಪರ್ ಹಾಳೆಗಳನ್ನು ಆ ಅಳತೆಗೆ ಅಂಟಿಸಿ, ಸೋಫಾ ಇಡಬೇಕೆಂದ ಜಾಗದಲ್ಲಿ ನೆಲಕ್ಕೆ ಹಾಸಿ. ಎರಡು ದಿನ ಅಲ್ಲೇ ಬಿಡಿ. ಅದನ್ನು ತುಳಿಯದೆ ಓಡಾಡಿ. ಬಾಗಿಲು ಪೂರ್ತಿ ತೆರೆಯುತ್ತದೆಯೇ, ಬೀರು ತೆಗೆಯಲು ಆಗುತ್ತದೆಯೇ, ರಾತ್ರಿ ದೀಪ ಹಾಕದೆ ನೀರು ಕುಡಿಯಲು ಎದ್ದವರು ಎಡವುತ್ತಾರೆಯೇ ಅನ್ನುವುದೆಲ್ಲ ಗೊತ್ತಾಗುತ್ತದೆ. ಸೋಫಾದ ಮುಂದೆ ಮೇಜು ಇಡುವುದಾದರೆ ನಡುವೆ ಒಂದು ಮೊಳದಷ್ಟಾದರೂ ಜಾಗ ಬೇಕು, ಇಲ್ಲದಿದ್ದರೆ ಮೊಣಕಾಲು ತಾಗುತ್ತದೆ. ಹೊರಬಾಗಿಲು, ಮೆಟ್ಟಿಲ ತಿರುವು, ಲಿಫ್ಟ್ ಇವನ್ನೂ ಅಳೆಯಿರಿ. ಮೂರನೇ ಮಹಡಿಯವರೆಗೆ ಹೊತ್ತು ತಂದು, ಬಾಗಿಲಲ್ಲಿ ಸಿಕ್ಕಿಕೊಂಡು, ಕಾಲು ಗರಗಸದಿಂದ ಕೊಯ್ಯಿಸಿಕೊಂಡ ಸೋಫಾವನ್ನು ಆಮೇಲೆ ಸರಿಮಾಡಿದ್ದು ನಾನೇ.

ಇದಕ್ಕಿಂತ ಮುಖ್ಯವಾದ ಅಳತೆ ನಿಮ್ಮ ಮೈಯದು. ಗಟ್ಟಿ ಕುರ್ಚಿಯ ಮೇಲೆ ಬೆನ್ನು ತಾಗಿಸಿ ಕೂರಿ. ಬೆನ್ನಿನಿಂದ ಮೊಣಕಾಲಿನ ಹಿಂಭಾಗದವರೆಗೆ ಎಷ್ಟು ಸೆಂಟಿಮೀಟರ್, ನೆಲದಿಂದ ಮೊಣಕಾಲಿನ ಹಿಂಭಾಗಕ್ಕೆ ಎಷ್ಟು, ಎರಡನ್ನೂ ಅಳೆದುಕೊಳ್ಳಿ. ಮನೆಯಲ್ಲಿ ಎಲ್ಲರದ್ದನ್ನೂ ಅಳೆಯಿರಿ. ಸೀಟಿನ ಆಳ ಮೊದಲಿನದಕ್ಕಿಂತ ಮೂರು ನಾಲ್ಕು ಬೆರಳು ಕಡಿಮೆ ಇದ್ದರೆ ಪಾದ ಊರಿ, ಬೆನ್ನು ಒರಗಿಸಿ ಕೂರಬಹುದು. 50ರಿಂದ 55 ಸೆಂಟಿಮೀಟರ್ ಆಳ ಹೆಚ್ಚಿನವರಿಗೆ ಕುಶನ್ ಒರಗಿಸಿಕೊಂಡು ಹೊಂದುತ್ತದೆ. 60 ದಾಟಿದ್ದು ಕೂರುವುದಕ್ಕಲ್ಲ, ಮಲಗುವುದಕ್ಕೆ. ಚಿತ್ರದಲ್ಲಿ ‘ಮುಳುಗಿಹೋಗುವಂಥ ಸುಖ’ ಅಂತ ಕಾಣುವುದು ಸಾಮಾನ್ಯವಾಗಿ ಈ ಆಳವೇ. ಮೊಣಕಾಲು ನೋವಿರುವವರು ಮನೆಯಲ್ಲಿದ್ದರೆ ಸೀಟಿನ ಎತ್ತರ 45 ಸೆಂಟಿಮೀಟರಿನ ಆಸುಪಾಸು ಇರಲಿ, ಕೈ ಊರಿ ಏಳಲು ಗಟ್ಟಿ ತೋಳು ಇರಲಿ. ಮುಳುಗಿಹೋದವರು ಏಳಬೇಕಲ್ಲ.

ಮಾತುಗಳನ್ನು ಒಂದೊಂದಾಗಿ ಬಿಚ್ಚಿ

ಕೆಂಪು ಪೆನ್ ಹಿಡಿದು ಜಾಹೀರಾತಿನ ಮಾತು ಓದಿ. ಕೈಯಿಂದ ಮುಟ್ಟಲಾಗದ, ಟೇಪಿನಿಂದ ಅಳೆಯಲಾಗದ ಮಾತನ್ನೆಲ್ಲ ಹೊಡೆದುಹಾಕಿ. ‘ಐಷಾರಾಮಿ’, ‘ನಿಮ್ಮ ಕನಸಿನ ಮನೆಗೆ’, ‘ಪ್ರೀತಿಪಾತ್ರರೊಂದಿಗೆ ಕಳೆಯುವ ಕ್ಷಣಗಳಿಗೆ’, ಇವೆಲ್ಲ ಹೋಗುತ್ತವೆ. ಉಳಿದದ್ದು ಎರಡು ಸಾಲೂ ಇಲ್ಲದಿದ್ದರೆ ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆಗಳು ಸಿದ್ಧವಾಗಿವೆ ಎಂದು ತಿಳಿಯಿರಿ.

ಮೊದಲ ಪ್ರಶ್ನೆ ಫೋಮಿನದು. ಅದು ಮೆತ್ತಗಿದೆಯೇ ಎಂದು ಕೇಳಬೇಡಿ, ಡೆನ್ಸಿಟಿ ಎಷ್ಟು ಎಂದು ಕೇಳಿ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವುದು. ಮೆತ್ತಗೋ ಗಟ್ಟಿಯೋ ಅನ್ನುವುದು ಬೇರೆಯೇ ವಿಷಯ. ಕಡಿಮೆ ಡೆನ್ಸಿಟಿಯ ಫೋಮನ್ನು ಗಟ್ಟಿಯಾಗಿಯೂ ಮಾಡಬಹುದು, ಹೆಚ್ಚಿನದನ್ನು ಮೆತ್ತಗೂ ಮಾಡಬಹುದು. ಅಂಗಡಿಯಲ್ಲಿ ಒತ್ತಿ ನೋಡಿ ‘ಗಟ್ಟಿ ಇದೆ, ಬಾಳಿಕೆ ಬರುತ್ತದೆ’ ಅಂತ ಖುಷಿಪಟ್ಟವರು ಇಲ್ಲೇ ಮೋಸ ಹೋಗುವುದು. ದಿನವೂ ಕೂರುವ ಸೀಟಿಗೆ ನಾನು 32 ಕಿಲೋಗಿಂತ ಕಡಿಮೆಯದ್ದನ್ನು ಹಾಕುವುದಿಲ್ಲ. ಬೆನ್ನಿನ ಭಾಗಕ್ಕೆ 25ರ ಒಳಗಿದ್ದರೂ ನಡೆಯುತ್ತದೆ, ಅಲ್ಲಿ ಭಾರ ಬೀಳುವುದಿಲ್ಲ. ಇನ್ನೊಂದು ಮಾತು: ಯಾವ ಫೋಮ್ ಆದರೂ ಮೊದಲ ಕೆಲವು ತಿಂಗಳಲ್ಲಿ ಒಂದಿಷ್ಟು ಮೆತ್ತಗಾಗಿಯೇ ತೀರುತ್ತದೆ. ಹಾಗಾಗಿ ಅಂಗಡಿಯಲ್ಲಿ ಸರಿಯಾಗಿದೆ ಅನ್ನಿಸಿದ್ದಕ್ಕಿಂತ ಒಂದು ಪಾಲು ಗಟ್ಟಿಯದನ್ನು ಆರಿಸಿಕೊಳ್ಳಿ.

ಫೋಮಿನ ಅಡಿಗೆ ಏನಿದೆ ಅಂತಲೂ ಕೇಳಿ. ಹಾವಿನಂತೆ ಬಳುಕಿದ ಉಕ್ಕಿನ ಸ್ಪ್ರಿಂಗ್ ಇರಬಹುದು, ರಬ್ಬರು ಪಟ್ಟಿ ಇರಬಹುದು, ಸುರುಳಿ ಸ್ಪ್ರಿಂಗ್ ಇಟ್ಟು ಎಂಟು ದಿಕ್ಕಿಗೆ ದಾರ ಕಟ್ಟಿದ್ದಿರಬಹುದು. ಎಲ್ಲದರಲ್ಲೂ ಒಳ್ಳೆಯದು ಇದೆ. ಏನೂ ಇಲ್ಲದೆ ಪ್ಲೈವುಡ್ ಹಲಗೆಯ ಮೇಲೆ ತೆಳ್ಳನೆ ಫೋಮ್ ಇಟ್ಟದ್ದು ಮಾತ್ರ ಬೇಡ.

ಚರ್ಮದ ಮಾತಿಗೆ ಬಂದರೆ, ‘ಬಾಂಡೆಡ್ ಲೆದರ್’ ಅನ್ನುವುದನ್ನು ಕಂಡ ಕಡೆ ನಿಲ್ಲಿ. ಚರ್ಮದ ಚೂರು, ಪುಡಿಯನ್ನು ಅಂಟಿನಿಂದ ಸೇರಿಸಿ, ಬಟ್ಟೆಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪದರ ಎಳೆದದ್ದು ಅದು. ಕೆಲವು ವರ್ಷಕ್ಕೆ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸುಲಿಯುತ್ತದೆ. ಸುಲಿದದ್ದನ್ನು ಮತ್ತೆ ಅಂಟಿಸಲು ನನ್ನಿಂದ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ‘ಸಾಲಿಡ್ ವುಡ್ ಫಿನಿಶ್’ ಎಂದರೆ ಮರ ಅಲ್ಲ, ಮರದಂತೆ ಕಾಣುವ ಮೇಲ್ಪದರ. ‘ಎಂಜಿನಿಯರ್ಡ್ ವುಡ್’ ಒಳ್ಳೆಯ ಪ್ಲೈವುಡ್ಡೂ ಆಗಿರಬಹುದು, ಒದ್ದೆಯಾದರೆ ಉಬ್ಬುವ ಪುಡಿಹಲಗೆಯೂ ಆಗಿರಬಹುದು. ಯಾವುದೆಂದು ಬರೆಸಿಕೊಳ್ಳಿ. ಬಟ್ಟೆಗೆ ಮಾರ್ಟಿಂಡೇಲ್ ಅನ್ನುವ ಉಜ್ಜು ಪರೀಕ್ಷೆ ಇದೆ. ಎಷ್ಟು ಸಾವಿರ ಸಲ ಉಜ್ಜಿದರೆ ನೂಲು ಕಿತ್ತುಬರುತ್ತದೆ ಎಂದು ಎಣಿಸುತ್ತಾರೆ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ 25,000ಕ್ಕಿಂತ ಮೇಲಿನದು ನೋಡಿ. ‘ವರೆಗೆ ರಿಯಾಯಿತಿ’ ಎಂಬಲ್ಲಿ ‘ವರೆಗೆ’ಯನ್ನು ಓದಿ, ಸಾಕು.

ಬಿಚ್ಚಿದಾಗ ಕಂಡದ್ದು

ಎರಡು ವರ್ಷದ ಹಿಂದೆ ಒಬ್ಬರು ದಂತದ ಬಣ್ಣದ ಮೂರು ಸೀಟಿನ ಸೋಫಾ ತಂದರು. ಕೊಂಡು ಹದಿನಾಲ್ಕು ತಿಂಗಳು. ಚಿತ್ರ ನೋಡಿ ತರಿಸಿದ್ದು. ಅವರ ತಾಯಿ ಕೂತರೆ ಪಾದ ನೆಲದಿಂದ ನಾಲ್ಕು ಬೆರಳು ಮೇಲೆ ತೂಗಾಡುತ್ತಿತ್ತಂತೆ. ಅಳೆದೆ: ಸೀಟಿನ ಆಳ 68 ಸೆಂಟಿಮೀಟರ್.

ತಲೆಕೆಳಗೆ ಮಾಡಿ, ಅಡಿಯ ಕಪ್ಪು ಬಟ್ಟೆಯ ಸ್ಟೇಪಲ್ ಪಿನ್ನುಗಳನ್ನು ಒಂದೊಂದಾಗಿ ಕಿತ್ತೆ. ತೋಳಿನ ಒಳಗೆ ದಪ್ಪ ರಟ್ಟು. ಬೆರಳಿನಿಂದ ತಟ್ಟಿದರೆ ಡಬ್ಬಿಯ ಸದ್ದು. ಸೀಟಿನ ಪಟ್ಟಿ ಐದು ಇರಬೇಕಾದ ಕಡೆ ಮೂರು, ಅದರಲ್ಲಿ ಒಂದು ಸ್ಟೇಪಲ್ ಸಮೇತ ಕಿತ್ತು ಜೋತಿತ್ತು. ಫೋಮಿನ ಮೂಲೆಯನ್ನು ಹಿಸುಕಿದೆ, ಅದು ಮರಳಿ ಎದ್ದು ಬರಲಿಲ್ಲ, ನನ್ನ ಬೆರಳಿನ ಗುರುತು ಹಾಗೇ ನಿಂತಿತು. ಮೇಲೆ ಮಾತ್ರ ಎರಡು ಬೆರಳು ದಪ್ಪದ ಬಿಳಿ ಫೈಬರ್ ಪದರ, ಮೋಡದ ಹಾಗೆ. ಫೋಟೋದಲ್ಲಿ ಕಾಣುವ ಮೆದುವೆಲ್ಲ ಅದರದೇ. ಅಂಗಡಿಯಲ್ಲಿ ಅಂಗೈಯಿಂದ ಒತ್ತುವವರಿಗೆ ಸಿಗುವುದೂ ಅಷ್ಟೇ.

ಆ ತಾಯಿ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದರು. “ನನಗೇ ಕೂರಲು ಬರುವುದಿಲ್ಲ ಅಂತ ತಿಳಿದುಕೊಂಡಿದ್ದೆ” ಎಂದರು. ನನಗೆ ಗಂಟಲು ಕಟ್ಟಿತು. ಜಾಹೀರಾತು ಮಾಡುವ ದೊಡ್ಡ ಅನ್ಯಾಯ ಇದೇ ಅಂತ ನನಗೆ ಅನ್ನಿಸುವುದು. ಚಿತ್ರದಲ್ಲಿರುವವರು ಅಷ್ಟು ಆರಾಮಾಗಿರುವಾಗ ನಮಗೆ ಸೊಂಟ ನೋಯುತ್ತಿದ್ದರೆ, ತಪ್ಪು ನಮ್ಮ ಮೈಯದೇ, ನಮ್ಮ ಮನೆಯದೇ ಅಂತ ನಂಬಿಬಿಡುತ್ತೇವೆ. ಅವರ ಸೋಫಾಕ್ಕೆ ಐದು ಪಟ್ಟಿ ಹಾಕಿ, 35 ಕಿಲೋ ಫೋಮ್ ಹಾಕಿ, ಬೆನ್ನಿನ ಹಿಂದೆ ಹನ್ನೆರಡು ಸೆಂಟಿಮೀಟರಿನ ಗಟ್ಟಿ ಮೆತ್ತೆಯೊಂದನ್ನು ಹೊಲಿದು ಆಳ ಕಡಿಮೆ ಮಾಡಿದೆ. ಆಳ ಜಾಸ್ತಿಯಾದ ಸೋಫಾ ನಿಮ್ಮ ಮನೆಯಲ್ಲೂ ಇದ್ದರೆ ಈ ಮೆತ್ತೆಯನ್ನು ಯಾವ ದರ್ಜಿಯಿಂದಲಾದರೂ ಹೊಲಿಸಿಕೊಳ್ಳಬಹುದು.

ಅಂಗಡಿಗೆ ಹೋದರೆ, ಆದ್ದರಿಂದ, ಅಂಗೈಯಿಂದ ಒತ್ತಿ ತೃಪ್ತಿಪಡಬೇಡಿ. ಕೂತು ಹದಿನೈದು ನಿಮಿಷ ಎದ್ದೇಳಬೇಡಿ. ಮೊದಲ ಎರಡು ನಿಮಿಷ ಎಲ್ಲ ಸೋಫಾವೂ ಸುಖವೇ, ಅದರಲ್ಲೂ ಸುತ್ತಾಡಿ ದಣಿದು ಬಂದಿದ್ದರೆ. ಮನೆಯಲ್ಲಿ ಕೂರುವ ಹಾಗೆ ಕೂರಿ, ಫೋನು ನೋಡಿ, ಪಕ್ಕಕ್ಕೆ ವಾಲಿ, ಕೈ ಊರದೆ ಏಳಲು ಪ್ರಯತ್ನಿಸಿ. ಕುಶನ್ ಎತ್ತಿ ಅಡಿಗೆ ಕೈ ಹಾಕಿ. ತೋಳನ್ನು ಬೆರಳ ಗಣ್ಣಿನಿಂದ ತಟ್ಟಿ. ಆಮೇಲೆ ಮುಂದಿನ ಒಂದು ಕಾಲನ್ನು ಹಿಡಿದು ಒಂದು ಗೇಣು ಮೇಲೆತ್ತಿ. ಅಷ್ಟರೊಳಗೆ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟು ಎದ್ದರೆ ಚೌಕಟ್ಟು ಗಟ್ಟಿ. ಇನ್ನೂ ನೆಲಕ್ಕೇ ಅಂಟಿಕೊಂಡಿದ್ದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ. ಕೊಳ್ಳಬೇಡಿ.

ಹಳೆಯದನ್ನು ಎಸೆಯುವ ಮುಂಚೆ

ಹೊಸದು ಮಾರಬೇಕಾದರೆ ಹಳೆಯದರ ಮೇಲಿನ ಮಮತೆಯನ್ನು ಬಿಡಿಸಬೇಕು. 1996ರಲ್ಲಿ ಬ್ರಿಟನ್ನಿನಲ್ಲಿ ಐಕಿಯಾ ಮಾಡಿದ ಪ್ರಚಾರ ನೇರವಾಗಿ ಅದನ್ನೇ ಹೇಳಿತು: ನಿಮ್ಮ ಹೂವಿನ ಚಿಂಟ್ಜ್ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ ಅಂತ. 2002ರಲ್ಲಿ ಅದೇ ಕಂಪನಿಗೆ ಅಮೆರಿಕದಲ್ಲಿ ಸ್ಪೈಕ್ ಜೋನ್ಜ್ ನಿರ್ದೇಶಿಸಿದ ಟಿವಿ ಜಾಹೀರಾತಿನಲ್ಲಿ, ಹಳೆಯ ದೀಪವೊಂದನ್ನು ಮಳೆಯಲ್ಲಿ ಬೀದಿಗೆ ಇಡುತ್ತಾರೆ. ನೋಡುವವರ ಕರುಳು ಚುರುಕ್ ಎನ್ನುವ ಹೊತ್ತಿಗೆ ಒಬ್ಬ ಬಂದು, ದೀಪಕ್ಕಾಗಿ ಮರುಗುವ ನಿಮಗೆ ಹುಚ್ಚು, ಅದಕ್ಕೆ ಭಾವನೆ ಇಲ್ಲ, ಹೊಸದು ಅದಕ್ಕಿಂತ ಚೆನ್ನಾಗಿದೆ ಅನ್ನುತ್ತಾನೆ. ಮರುವರ್ಷ ಅದಕ್ಕೆ ಕಾನ್ ಜಾಹೀರಾತು ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಬಂತು. ತುಂಬ ಜಾಣತನದ ಕೆಲಸ ಅದು, ಆದರೆ ನಾನು ಒಪ್ಪುವುದಿಲ್ಲ. ದೀಪಕ್ಕೆ ಭಾವನೆ ಇಲ್ಲ, ನಿಜ. ಆ ದೀಪದಡಿ ಓದಿದವರಿಗೆ ಇದೆ.

ಒಂದು ಹೊಸ ವಸ್ತು ಸುಮ್ಮನೆ ಒಂದೇ ಬರುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಫ್ರಾನ್ಸಿನ ಲೇಖಕ ಡೆನಿ ಡಿಡೆರೊ ಹದಿನೆಂಟನೇ ಶತಮಾನದಲ್ಲೇ ಇದನ್ನು ಬರೆದಿದ್ದಾನೆ. ಚೆಂದದ ಹೊಸ ನಿಲುವಂಗಿ ಬಂದ ಮೇಲೆ ಹಳೇ ಕುರ್ಚಿ, ಮೇಜು ಎಲ್ಲ ಕಣ್ಣಿಗೆ ಒರಟಾಗಿ ಕಂಡು, ಒಂದೊಂದಾಗಿ ಬದಲಾಗಿ, ಕೊನೆಗೆ ಅವನಿಗೆ ಆ ಹಳೇ ನಿಲುವಂಗಿಯೇ ಬೇಕು ಅನ್ನಿಸಿತು. ಜಾಹೀರಾತಿನಲ್ಲಿ ಸೋಫಾದ ಜೊತೆ ಹೊಂದುವ ದೀಪ, ರಗ್ಗು, ಮೇಜು, ಪರದೆ ಇಡುವುದು ಇದಕ್ಕೇ. ಚಿತ್ರದಲ್ಲಿರುವ ವಸ್ತುಗಳನ್ನೆಲ್ಲ ಎಣಿಸಿ ಪಟ್ಟಿ ಮಾಡಿ, ನೀವು ದುಡ್ಡು ಕೊಡುತ್ತಿರುವುದಕ್ಕೆ ಮಾತ್ರ ಗೆರೆ ಎಳೆಯಿರಿ. ಹದಿನೆಂಟರಲ್ಲಿ ಒಂದಕ್ಕೆ ಗೆರೆ ಬಿದ್ದಾಗ ಕಣ್ಣು ತಿಳಿಯಾಗುತ್ತದೆ.

ಕಾಲೆತ್ತುವ ಪರೀಕ್ಷೆಯನ್ನು ಮನೆಯ ಹಳೆಯ ಸೋಫಾಕ್ಕೂ ಮಾಡಿ. ಪಾಸಾದರೆ ಚೌಕಟ್ಟು ಚೆನ್ನಾಗಿದೆ, ಫೋಮ್, ಪಟ್ಟಿ, ಬಟ್ಟೆ ಬದಲಿಸಿದರೆ ಇನ್ನೂ ಬಹಳ ವರ್ಷ ಬರುತ್ತದೆ. ಫೇಲಾದರೆ, ಮರ ಹುಳು ತಿಂದು ಪುಡಿ ಉದುರುತ್ತಿದ್ದರೆ, ಹೊಸದು ತೆಗೆದುಕೊಳ್ಳಿ. ಹೊಸದು ಕೊಳ್ಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ.

ಕೊಳ್ಳುವ ಮುಂಚೆ ಒಂದು ವಾರ ಇಷ್ಟು ಮಾಡಿ. ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ರಾತ್ರಿ ಮಲಗುವ ಮುಂಚೆ ಆ ದಿನ ಯಾರು ಎಲ್ಲಿ ಕೂತರು, ಎಷ್ಟು ಹೊತ್ತು, ಏನು ಮಾಡುತ್ತ ಎಂದು ಬರೆಯಿರಿ. ನಮ್ಮ ಮನೆಯಲ್ಲಿ ಬರೆದಾಗ ಗೊತ್ತಾಯಿತು, ಏಳು ದಿನದಲ್ಲಿ ಸೋಫಾದ ಮೇಲೆ ಹೆಚ್ಚು ಹೊತ್ತು ಇದ್ದದ್ದು ಒಗೆದ ಬಟ್ಟೆ. ಮಗಳು ಓದುತ್ತಿದ್ದದ್ದು ಮಂಚದ ತುದಿಯಲ್ಲಿ, ಏಕೆಂದರೆ ಒಳ್ಳೆಯ ದೀಪ ಇದ್ದದ್ದು ಅಲ್ಲಿ. ನನ್ನ ಹೆಂಡತಿ ದಿನವೂ ಅರ್ಧ ಗಂಟೆ ಹಿಂಬಾಗಿಲ ಹೊಸ್ತಿಲ ಮೇಲೆ ಕೂರುತ್ತಿದ್ದಳು, ಅಲ್ಲಿ ಗಾಳಿ ಬರುತ್ತದೆ ಅಂತ. ನಾನು ಸೋಫಾ ಕೊಳ್ಳಲಿಲ್ಲ. ದೀಪವನ್ನು ಹೊರಕೋಣೆಗೆ ತಂದೆ, ಹಿಂಬಾಗಿಲ ಹತ್ತಿರ ಬೆನ್ನಿಗೆ ಒರಗುವಂಥ ತಗ್ಗು ಕುರ್ಚಿಯೊಂದನ್ನು ಅವಳ ಅಳತೆಗೆ ಮಾಡಿಕೊಟ್ಟೆ. ಸೀಟಿನ ಆಳ 46 ಸೆಂಟಿಮೀಟರ್, ಎತ್ತರ 38.

ನಿಮ್ಮ ಹಾಳೆ ಬೇರೆ ಏನಾದರೂ ಹೇಳಬಹುದು, ಸೋಫಾವೇ ಬೇಕು ಅಂತಲೂ ಹೇಳಬಹುದು. ಆಗ ಅಂಗಡಿಗೆ ಹೊರಡುವಾಗ ಆ ಹಾಳೆಯನ್ನೂ, ಮನೆಯವರೆಲ್ಲರ ಮೊಣಕಾಲಿನ ಅಳತೆ ಬರೆದ ಚೀಟಿಯನ್ನೂ, ಅಳತೆ ಟೇಪನ್ನೂ ಜೊತೆಗಿಟ್ಟುಕೊಳ್ಳಿ. ಆ ಸೋಫಾದಲ್ಲಿ ದಿನವೂ ಹೆಚ್ಚು ಹೊತ್ತು ಕೂರುವವರು ಯಾರೋ ಅವರನ್ನೇ ಕರೆದುಕೊಂಡು ಹೋಗಿ.